ಆಟದ ಪೆಟ್ಟಿಗೆಗೂ ಒಂದು ಭಾಷೆ ಬೇಕು

ರಜೆ ಮುಗಿಸಿ ಬಂದ ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಈ ಸಲ ಪ್ಲೇಸ್ಟೇಷನ್ನಿನದ್ದೇ ಸುದ್ದಿ. ಒಬ್ಬನ ಮಾವ ಗಲ್ಫಿನಿಂದ ತಂದರಂತೆ. ಕಾಸರಗೋಡಿನ ಹಳ್ಳಿಗಳಿಗೆ ಇಂಥವು ಬರುವುದೇ ಹಾಗೆ. ಅಂಗಡಿಯಿಂದ ಕೊಳ್ಳುವವರು ಎಲ್ಲೋ ಒಬ್ಬಿಬ್ಬರು.

ಬಡ ದೇಶಗಳಲ್ಲಿ ಈ ಯಂತ್ರ ಓಡಬೇಕಾದರೆ ಬೆಲೆ ಇಳಿಯಬೇಕು ಅನ್ನುತ್ತಾರೆ. ನಿಜ. ಆದರೆ ಬೆಲೆಯೊಂದೇ ಸಾಲದು ಎಂದು ನಮ್ಮ ಅಭಿಪ್ರಾಯ. ಬ್ರೆಜಿಲನ್ನೇ ನೋಡಿ. ಹೊರಗಿನಿಂದ ಬಂದ ಸಾಮಾನಿಗೆ ಅಲ್ಲಿ ಭಾರೀ ತೆರಿಗೆ. ಅಲ್ಲಿಯ ಟೆಕ್‌ಟಾಯ್ ಕಂಪೆನಿ ಜಪಾನಿನ ಸೆಗಾದವರ ಮಾಸ್ಟರ್ ಸಿಸ್ಟಮನ್ನು 1989ರಲ್ಲಿ ಪೇಟೆಗೆ ತಂದು, ಅಮೆಜಾನ್ ಕಾಡಿನ ನಡುವಿನ ಮನಾಸ್ ನಗರದಲ್ಲಿ ತಯಾರಿಸಿತು. ಅಷ್ಟಕ್ಕೇ ಬಿಡಲಿಲ್ಲ. ವಂಡರ್ ಬಾಯ್ ಎಂಬ ಜಪಾನೀ ಆಟದ ನಾಯಕನನ್ನು ತೆಗೆದು, ಅಲ್ಲಿನ ಮಕ್ಕಳು ಚಿತ್ರಕಥೆಗಳಲ್ಲಿ ಓದುತ್ತಿದ್ದ ಮೋನಿಕಾ ಎಂಬ ಹುಡುಗಿಯನ್ನು ನಿಲ್ಲಿಸಿ, 1991ರಲ್ಲಿ ಪೋರ್ಚುಗೀಸಿನಲ್ಲೇ ಕೊಟ್ಟಿತು. ಕೈಯಲ್ಲಿ ಕತ್ತಿಯ ಬದಲು ಅವಳ ಮೊಲದ ಗೊಂಬೆ! ಬೇರೆ ದೇಶಗಳಲ್ಲಿ ಆ ಯಂತ್ರ ಅಟ್ಟ ಸೇರಿ ಎಷ್ಟೋ ವರ್ಷಗಳಾದರೂ ಬ್ರೆಜಿಲಿನಲ್ಲಿ ಮಾರಾಟ ನಿಲ್ಲಲಿಲ್ಲ.

ಅದೇ ಟೆಕ್‌ಟಾಯ್ 2009ರಲ್ಲಿ ಕ್ವಾಲ್‌ಕಾಮ್ ಜೊತೆ ಸೇರಿ, ಇಂಥ ದೇಶಗಳಿಗೆಂದೇ ಝೀಬೋ ತಂದಿತು. ಡಿಸ್ಕ್ ಬೇಡ, ಆಟ ಮೊಬೈಲ್ ಜಾಲದಲ್ಲೇ ಇಳಿಯುತ್ತಿತ್ತು. ಆದರೆ ಆಟಗಳೂ ಹೆಚ್ಚಾಗಿ ಮೊಬೈಲ್ ಮಟ್ಟದವೇ. 2011ರಲ್ಲಿ ಮುಚ್ಚಿತು. ಬಡವರಿಗೆ ಇಷ್ಟು ಸಾಕು ಅಂದುಕೊಂಡರೆ ಆಗುವುದು ಹೀಗೆಯೇ.

ನಮ್ಮಲ್ಲೂ 2009ರಲ್ಲಿ ಹೈದರಾಬಾದಿನವರು ಪ್ಲೇಸ್ಟೇಷನ್ 2ಕ್ಕೆ ಹನುಮಂತನ ಆಟ, ಕಬಡ್ಡಿ, ಚಿನ್ನಿದಾಂಡು ಎಲ್ಲ ಮಾಡಿದ್ದರು. ಅದು ಬೆಳೆಯುವ ಮೊದಲೇ ಅಗ್ಗದ ಮೊಬೈಲ್, 2016ರಲ್ಲಿ ಜಿಯೋ ಬಂದು ಮಕ್ಕಳೆಲ್ಲ ಫೋನಿಗೆ ಅಂಟಿಕೊಂಡರು. ಟಿ.ವಿ. ಮುಂದಿನ ಆಟವಾದರೆ ಅಜ್ಜಿಯ ಕಣ್ಣಿಗಾದರೂ ಬೀಳುತ್ತದೆ, ಫೋನು ಹೊದಿಕೆಯೊಳಗೆ. (ಹಾಗೆಂದು ಸಾಲ ಮಾಡಿ ತನ್ನಿ ಎನ್ನುತ್ತಿಲ್ಲ!)

ಫಿನ್ಲೆಂಡಿನಲ್ಲಿ ಅರುವತ್ತು ಲಕ್ಷ ಜನರೂ ಇಲ್ಲ. ಪ್ಲೇಸ್ಟೇಷನ್ನಿನ ಪರದೆ ಅವರ ಭಾಷೆಯಲ್ಲಿ ಬರುತ್ತದೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ನಾಲ್ಕು ಕೋಟಿಗೂ ಮೇಲೆ. ಅವರು ಕೊಳ್ಳುತ್ತಾರೆ, ನಾವು ಕೊಳ್ಳುವುದಿಲ್ಲ ಎನ್ನಬಹುದು. ಮೋನಿಕಾ ಬಂದದ್ದು ಶ್ರೀಮಂತರ ದೇಶಕ್ಕೇನೂ ಅಲ್ಲವಲ್ಲ? ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಆಟದಲ್ಲಿ ಇಂಗ್ಲಿಷ್ ಎಂದಾದರೆ ನಮ್ಮ ಮಕ್ಕಳಿಗೆ ಕನ್ನಡ ಪರೀಕ್ಷೆಯ ಭಾಷೆಯಾಗಿಯಷ್ಟೇ ಉಳಿಯುತ್ತದೆ.

ಮೊನ್ನೆ ಆ ಹುಡುಗ 'ಚೆಕ್‌ಪಾಯಿಂಟ್' ಅಂದರೆ ಕನ್ನಡದಲ್ಲೇನು ಎಂದು ಕೇಳಿದ. ಸತ್ತರೆ ಮತ್ತೆ ಅಲ್ಲಿಂದಲೇ ಆಟ ಶುರುವಂತೆ. ತಂಗುದಾಣ, ಮೈಲಿಗಲ್ಲು ಎಂದು ಅರ್ಧ ಪಿರಿಯಡ್ ಜಗಳವಾಡಿ ಕೊನೆಗೆ 'ಕಟ್ಟೆ' ಎಂದು ತೀರ್ಮಾನಿಸಿದರು. ಈಗ ಇಡೀ ತರಗತಿಗೆ ಅದು ಕಟ್ಟೆಯೇ.