ವಿದ್ಯಾರ್ಥಿಯ ಯಂತ್ರ, ಮೇಷ್ಟ್ರ ಪರೀಕ್ಷೆ

1970ರ ದಶಕದ ಆರಂಭ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯದ ಜೊತೆಗೇ ಕಂಪ್ಯೂಟರ್ ವಿದ್ಯೆಯನ್ನೂ ಓದುತ್ತಿದ್ದ ಎಡ್ವರ್ಡ್ ಶಾರ್ಟ್‌ಲಿಫ್ ಪಿಎಚ್‌.ಡಿ.ಗಾಗಿ ‘ಮೈಸಿನ್’ ಎಂಬ ಪ್ರೋಗ್ರಾಂ ಬರೆದರು. ಯಾವ ಸೋಂಕಿಗೆ ಯಾವ ಆ್ಯಂಟಿಬಯೋಟಿಕ್ ಎಂದು ಹೇಳುವುದು ಅದರ ಕೆಲಸ. ಏಕೆಂದು ಕೇಳಿದರೆ ಕಾರಣವನ್ನೂ ಕೊಡುತ್ತಿತ್ತು. ಈಗಿನ ಎಷ್ಟೋ ಎಐಗಳಿಗೆ ಇಲ್ಲದ ಸೌಜನ್ಯ!

1979ರಲ್ಲಿ ಪ್ರಕಟವಾದ ಅದರ ಪರೀಕ್ಷೆಯ ಕತೆ ಸ್ವಾರಸ್ಯಕರ. ಮೆದುಳುಪೊರೆಯ ಉರಿಯೂತದ 10 ಪ್ರಕರಣಗಳಿಗೆ ಅಲ್ಲಿನ ಅಧ್ಯಾಪಕರು, ಒಬ್ಬ ವಿದ್ಯಾರ್ಥಿ ಮತ್ತಿತರರು ಸೂಚಿಸಿದ ಚಿಕಿತ್ಸೆಯನ್ನು ಮೈಸಿನ್ ಸೂಚಿಸಿದ್ದರ ಜೊತೆ ಬೆರೆಸಿ, ಯಾರದ್ದೆಂದು ತಿಳಿಸದೆ, ಹೊರಗಿನ 8 ತಜ್ಞರ ಮುಂದಿಟ್ಟರು. ಮೈಸಿನ್‌ಗೆ ಶೇ 65ರಷ್ಟು ಒಪ್ಪಿಗೆ. ಅಧ್ಯಾಪಕರಲ್ಲಿ ಯಾರೂ ಅದನ್ನು ದಾಟಲಿಲ್ಲ.

ಆದರೂ ಅದು ವಾರ್ಡಿಗೆ ಕಾಲಿಡಲಿಲ್ಲ. ರೋಗಿಯ ವಿವರ ಟೈಪ್ ಮಾಡುವುದಕ್ಕೇ ಅರ್ಧ ಗಂಟೆ ಹಿಡಿದರೆ ಯಾವ ಡಾಕ್ಟರು ಕಾಯುತ್ತಾರೆ?

1982ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವೈದ್ಯಕೀಯವನ್ನೂ ಕಂಪ್ಯೂಟರನ್ನೂ ಬೆಸೆಯುವ ಈ ವಿದ್ಯೆಗೇ ಸ್ನಾತಕೋತ್ತರ ಪದವಿ ತರಗತಿ ಶುರುವಾಯಿತು. ಕಟ್ಟಿದವರು ಅದೇ ಶಾರ್ಟ್‌ಲಿಫ್, ಈ ಬಾರಿ ಮೇಷ್ಟ್ರಾಗಿ.