ಬಾಲಂಗೋಚಿಯಿಲ್ಲದ ಸವಾರಿ

ಕಳೆದ ತಿಂಗಳು ಈ ಅಂಕಣದಲ್ಲಿ ಪುಣೆಯ ಭಾಕರಿಗೂ ನಮ್ಮ ಜೋಳದ ರೊಟ್ಟಿಗೂ ಇರುವ ಹಳೆಯ ಜಗಳದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಿಗೆ ಉತ್ತರಿಸುವುದು ಇನ್ನೂ ಬಾಕಿ ಇದೆ. ಈ ಸಲ ಅದನ್ನು ಬದಿಗಿಟ್ಟು ನಮ್ಮಣ್ಣನ ಮಗ ಬೈಕಿನಿಂದ ಬಿದ್ದ ಕತೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಹುಡುಗನೊಬ್ಬ ಇರಬಹುದು, ಅಥವಾ ಆ ಹುಡುಗ ನೀವೇ ಆಗಿರಬಹುದು.

ಹುಡುಗ ಧಾರವಾಡದವನು. ಹಿಂಜವಡಿಯಲ್ಲಿ ಕೆಲಸ ಸಿಕ್ಕಿ ಪುಣೆಗೆ ಬಂದ. ಎಂಟನೇ ತಿಂಗಳ ಸಂಬಳಕ್ಕೆ ಸಾಲ ಮಾಡಿ 350 ಸಿಸಿಯ ಬೈಕ್ ತಂದ. ಅಲ್ಲಿಯವರೆಗೆ ಅವನು ಓಡಿಸಿದ್ದು ಅಪ್ಪನ ಸ್ಕೂಟರ್, ಅದೂ ಸಪ್ತಾಪುರದಿಂದ ಸುಭಾಸ ರೋಡಿನವರೆಗೆ. ಬೈಕ್ ಬಂದು ಮೂರು ವಾರವಾಗಿತ್ತು. ಆಫೀಸಿನ ಗುಂಪಿನಲ್ಲಿ ಒಂದು ಮೆಸೇಜು ಬಂತು. ಭಾನುವಾರ ತಾಮ್ಹಿಣಿ ಘಾಟ್, ಹೊಸಬರೂ ಬರಬಹುದು, ಆರಾಮಾಗಿ ಹೋಗಿ ಬರೋಣ ಅಂತ. ಇವನು ಹೂಂ ಅಂದ.

ಆಗಸ್ಟ್ ತಿಂಗಳು. ಬೆಳಗಿನ ಐದೂವರೆಗೆ ಚಾಂದಣಿ ಚೌಕದಲ್ಲಿ ಹದಿನಾಲ್ಕು ಬೈಕು ಸೇರಿದವು. ಫೋಟೋ ತೆಗೆದರು, ಹೊರಟರು. ಮುಂದೆ ಯಾರು, ಹಿಂದೆ ಯಾರು, ಎಲ್ಲೆಲ್ಲಿ ನಿಲ್ಲಬೇಕು ಎಂಬ ಮಾತು ಬರಲೇ ಇಲ್ಲ. ಪೌಡ್ ದಾಟುವವರೆಗೆ ಎಲ್ಲರೂ ಒಟ್ಟಿಗೇ ಇದ್ದರು. ಮುಳಶಿ ಕೆರೆಯ ದಂಡೆಯ ತಿರುವುಗಳು ಶುರುವಾದ ಮೇಲೆ ನಮ್ಮ ಹುಡುಗ ಕೊನೆಯವನಾದ. ಮಂಜು, ಜಿಟಿಜಿಟಿ ಮಳೆ. ಮುಂದಿನವನ ಕೆಂಪು ದೀಪ ಪ್ರತಿ ತಿರುವಿನಲ್ಲೂ ಮಾಯವಾಗುತ್ತಿತ್ತು. ಅದನ್ನು ಹಿಡಿಯಲು ಇವನು ಪ್ರತಿ ಸಲ ಆಕ್ಸಿಲರೇಟರ್ ತಿರುವುತ್ತಿದ್ದ.

ಘಾಟಿನ ಒಂದು ಬಲತಿರುವಿನಲ್ಲಿ ವೇಗ ಹೆಚ್ಚಾಯಿತು ಎನಿಸಿ ಗಾಬರಿಯಿಂದ ಬ್ರೇಕ್ ಹಿಡಿದ. ಗಾಡಿ ಎಡಕ್ಕೆ ಸರಿದು ರಸ್ತೆ ಬಿಟ್ಟು ಕೆಸರಿಗೆ ಇಳಿದು ಮಲಗಿತು. ಹೆಗಲ ಮುಂದಿನ ಎಲುಬು, ಡಾಕ್ಟರರು ಕಾಲರ್ ಬೋನ್ ಅನ್ನುತ್ತಾರಲ್ಲ, ಅದು ಮುರಿಯಿತು. ಬಲತಿರುವಾಗಿದ್ದು ನಮ್ಮ ಪುಣ್ಯ. ಎಡತಿರುವಾಗಿದ್ದರೆ ಅದೇ ತಪ್ಪು ಅವನನ್ನು ಬಲಕ್ಕೆ, ಎದುರಿನಿಂದ ಬರುವ ಬಸ್ಸಿನ ಕೆಳಗೆ ತಳ್ಳುತ್ತಿತ್ತು.

ಎತ್ತಿದವರು ಯಾರು? ಅಲ್ಲೇ ಮೆಕ್ಕೆಜೋಳದ ತೆನೆ ಸುಡುತ್ತಿದ್ದ ಒಬ್ಬ ಹೆಂಗಸು, ಮತ್ತೆ ಎಸ್‌ಟಿ ಬಸ್ಸಿನ ಕಂಡಕ್ಟರ್. ಹದಿಮೂರು ಜನ ಗೆಳೆಯರು ಆಗ ಘಾಟ್ ಇಳಿದು ಚಹಾ ಕುಡಿಯುತ್ತಿದ್ದರು. ಒಬ್ಬ ಕಡಿಮೆ ಇದ್ದಾನೆ ಎಂಬುದು ಅವರಿಗೆ ಹೊಳೆಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. "ಹೊಸಬ, ನಿಧಾನ ಬರ್ತಾನೆ" ಅಂದುಕೊಂಡರಂತೆ. ಫೋನ್ ಹಚ್ಚಿದರೆ ಆ ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲ.

ನನಗೆ ಫೋನ್ ಬಂದದ್ದು ಹತ್ತು ಗಂಟೆಗೆ. "ಕಾಕಾ, ಏನೂ ಆಗಿಲ್ಲ, ಬರೇ ಜಾರಿ ಬಿದ್ದೇನಿ. ಅವ್ವಗ ಹೇಳಬ್ಯಾಡ್ರಿ." ಅವ್ವನಿಗೆ ಹೇಳದೆ ಇರಲು ಆಗುತ್ತದೆಯೇ? ಸಂಜೆ ಹೇಳಿದೆ. ವೈನಿ ಅಳಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಮಾತಿನ ಮ್ಯಾಲೆ ಕಳಿಸೇವಿ ಅವನ್ನ ಪುಣೆಕ್ಕ. ಮೊದಲ ಆ ಗಾಡಿ ಮಾರಸ್ರಿ" ಅಂದರು. ಇಪ್ಪತ್ತೈದು ವರ್ಷದಿಂದ ಈ ಊರಿನ ರಸ್ತೆಗಳಲ್ಲಿ ಬೈಕ್ ಓಡಿಸಿಕೊಂಡು ಬಂದ ನನಗೆ ಅವರಿಗೆ ಕೊಡಲು ಉತ್ತರ ಇರಲಿಲ್ಲ.

ಮಾರನೇ ದಿನ ಆ ಗೆಳೆಯರು ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಬಂದರು. ಕೆಟ್ಟ ಹುಡುಗರಲ್ಲ. ಮುಂದೆ ಹೋಗುತ್ತಿದ್ದವನು ತಲೆ ತಗ್ಗಿಸಿ, "ಕಾಕಾ, ನಾನು ಅರವತ್ತರ ಮೇಲೆ ಹೋಗಿಯೇ ಇಲ್ಲ" ಅಂದ. ನಾನು ನಂಬಿದೆ. ಅವನು ಹೇಳಿದ್ದು ನಿಜವೇ. ಆದರೆ ಅವನ ಅರವತ್ತು ಕೊನೆಯವನ ಎಂಬತ್ತಾಗಿತ್ತು.

ಹೇಗೆ ಅಂತ ನೋಡಿ. ಮುಂದಿನವನು ತಿರುವಿಗೆ ಮೂವತ್ತಕ್ಕೆ ಇಳಿದು, ತಿರುವು ದಾಟಿದ ಕೂಡಲೇ ಮತ್ತೆ ಅರವತ್ತಕ್ಕೆ ಏರುತ್ತಾನೆ. ಆ ಹೊತ್ತಿಗೆ ಕೊನೆಯವನು ಇನ್ನೂ ತಿರುವಿನ ಈಚೆ ಮೂವತ್ತರಲ್ಲೇ ಇರುತ್ತಾನೆ. ನಡುವಿನ ಅಂತರ ಹಿಗ್ಗುತ್ತದೆ. ಅದನ್ನು ತುಂಬಲು ಕೊನೆಯವನು ಎಪ್ಪತ್ತೈದು, ಎಂಬತ್ತರಲ್ಲಿ ಓಡಬೇಕು. ಒಂದು ಲಾರಿ ದಾಟುವಾಗಲೂ ಇದೇ ಕತೆ. ಮೊದಲನೆಯವನು ದಾಟಿ ಹೋದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಕಾಯಬೇಕು. ಬೈಕುಗಳು ಹೆಚ್ಚಾದಷ್ಟೂ ರಬ್ಬರಿನ ಹಾಗೆ ಸಾಲು ಎಳೆಯುತ್ತದೆ, ಆ ಎಳೆತವೆಲ್ಲ ಬಂದು ಬೀಳುವುದು ಕೊನೆಯವನ ಮೇಲೆ. ಆ ಜಾಗದಲ್ಲಿ ನಾವು ಯಾರನ್ನು ಬಿಡುತ್ತೇವೆ? ಎಲ್ಲರಿಗಿಂತ ಹೊಸಬನನ್ನು. ನಿಧಾನದವನು ತಾನಾಗಿಯೇ ಹಿಂದೆ ಬೀಳುತ್ತಾನೆ, ಹಿಂದೆ ಬಿದ್ದವನೇ ಎಲ್ಲರಿಗಿಂತ ಜೋರಾಗಿ ಓಡಬೇಕಾಗುತ್ತದೆ.

"ಗಾಡಿಗೆ ಎಬಿಎಸ್ ಐತಿ ಕಾಕಾ, ಹೆಂಗ ಜಾರಿತು?" ಅಂತ ಹುಡುಗ ಕೇಳಿದ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ, ಒಳ್ಳೆಯದೇ. ಅದು ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆ. ಆದರೆ ವಾಲಿರುವ ಗಾಡಿಯನ್ನು ಕೆಸರಿನ ಮೇಲೆ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ಇನ್ನೊಂದು, ಕಣ್ಣು ಹೋದತ್ತ ಗಾಡಿ ಹೋಗುತ್ತದೆ. ಗಾಬರಿಯಾದಾಗ ಅವನು ನೋಡಿದ್ದು ಆ ಕೆಸರನ್ನೇ. ತಿರುವಿನ ಆಚೆ ತುದಿ ನೋಡಿದ್ದರೆ ಗಾಡಿಯೂ ಅತ್ತ ತಿರುಗುತ್ತಿತ್ತೋ ಏನೋ.

ಎದೆ ನಡುಗಿಸುವ ಲೆಕ್ಕವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೇಂದ್ರ ಸಾರಿಗೆ ಇಲಾಖೆಯ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಸುಮಾರು 44% ಜನ ದ್ವಿಚಕ್ರದಲ್ಲಿ ಇದ್ದವರು. ಹಾಗಂತ ವೈನಿ ಹೇಳಿದಂತೆ ಗಾಡಿ ಮಾರಿಸಬೇಕೆ? ಮಾರಿಸಿದರೆ ಇನ್ನೊಬ್ಬನ ಗಾಡಿ ಕೇಳಿ ಹೋಗುತ್ತಾನೆ, ಅದೂ ಕಲಿಯದೆ. ಎಲುಬು ಕೂಡುವವರೆಗೆ ಕಾದು, ಆಮೇಲೆ ನಾನೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ.

ಜನವರಿಯ ಒಂದು ಭಾನುವಾರ ಐದು ಬೈಕುಗಳಲ್ಲಿ ವಾಯಿಗೆ ಹೊರಟೆವು. ಐವರಲ್ಲಿ ಇಬ್ಬರು ಹೊಸಬರು. ಒಬ್ಬ ನಮ್ಮ ಹುಡುಗ. ಇನ್ನೊಬ್ಬರು ನಮ್ಮ ಕನ್ನಡ ಬಳಗದ ಒಬ್ಬ ಟೀಚರು, ಕಲಬುರಗಿಯವರು. ನಲವತ್ತು ದಾಟಿದ ಮೇಲೆ ಸ್ಕೂಟಿ ಬಿಟ್ಟು ಗೇರಿನ ಬೈಕ್ ಕಲಿತವರು. ಹೊರಡುವ ಮುನ್ನ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಟ್ಯಾಂಕ್ ತುಂಬಿಸಿ, ಟೈರಿನ ಗಾಳಿ ನೋಡಿಸಿ, ಹತ್ತು ನಿಮಿಷ ಮಾತಾಡಿದೆವು. ಆ ಹತ್ತು ನಿಮಿಷವೇ ತಾಮ್ಹಿಣಿಯಲ್ಲಿ ಇಲ್ಲದೇ ಹೋದದ್ದು.

ಮಾತಾಡಿದ್ದು ಇಷ್ಟು. ಮುಂದೆ ನಾನು. ನನ್ನ ಬೆನ್ನಿಗೇ ಇಬ್ಬರು ಹೊಸಬರು, ಅವರ ವೇಗವೇ ನನ್ನ ವೇಗ. ಅವರ ಹಿಂದೆ ಒಬ್ಬ ಅನುಭವಿ. ಎಲ್ಲರಿಗಿಂತ ಕೊನೆಗೆ ಇನ್ನೊಬ್ಬ ಹಳಬ, ಅವನ ಚೀಲದಲ್ಲಿ ಪಂಕ್ಚರ್ ಸಾಮಾನು ಮತ್ತು ಫಸ್ಟ್ ಏಡ್. ಅವನು ಯಾರನ್ನೂ ದಾಟುವಂತಿಲ್ಲ. ಯಾರು ನಿಂತರೂ ಅವನು ನಿಲ್ಲಬೇಕು. ಇವನನ್ನು ನಾವು ಬಾಲಂಗೋಚಿ ಅನ್ನುತ್ತೇವೆ. ಸಣ್ಣವರಿದ್ದಾಗ ಗಾಳಿಪಟ ಹಾರಿಸಿದವರಿಗೆ ಗೊತ್ತು, ಬಾಲಂಗೋಚಿ ಇಲ್ಲದ ಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ.

ಅಗಲ ರಸ್ತೆಯಲ್ಲಿ ಒಬ್ಬ ಲೇನಿನ ಎಡಕ್ಕೆ, ಮುಂದಿನವ ಬಲಕ್ಕೆ, ಹೀಗೆ ಅಡ್ಡಾದಿಡ್ಡಿ ಸಾಲು. ನೇರ ಮುಂದಿರುವವನಿಗೂ ನಮಗೂ ಕನಿಷ್ಠ ಎರಡು ಸೆಕೆಂಡ್ ಅಂತರ. ಅವನು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ಎರಡು ಎಣಿಸುವ ಮೊದಲೇ ನೀವು ಆ ಕಂಬದ ಹತ್ತಿರ ಬಂದರೆ ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ಮಳೆಯಿದ್ದರೆ ಅಂತರ ಇಮ್ಮಡಿ. ತಿರುವಿನಲ್ಲಿ, ಕಿರಿದಾದ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು. ಲಾರಿ ದಾಟುವಾಗ ಅವರವರ ಕಣ್ಣು ಅವರವರಿಗೆ. ಮುಂದಿನವ ಕೈ ಬೀಸಿ ಬಾ ಅಂದ ಅಂತ ನುಗ್ಗಬಾರದು, ಅವನಿಗೆ ಖಾಲಿಯಿದ್ದ ರಸ್ತೆ ನಿಮಗೆ ಖಾಲಿ ಇರಬೇಕಿಲ್ಲ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಪ್ರತಿಯೊಬ್ಬರ ಕನ್ನಡಿಯಲ್ಲೂ ಹಿಂದಿನವರು ಕಾಣುತ್ತಿರಬೇಕು. ಕಾಣದಿದ್ದರೆ ವೇಗ ಇಳಿಸಬೇಕು. ಇನ್ನೂ ಕಾಣದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಬೇಕು. ನಾಲ್ಕನೆಯವನು ನಿಧಾನಿಸಿದರೆ ಮೂರನೆಯವರು, ಅವರನ್ನು ನೋಡಿ ಎರಡನೆಯವನು, ಕೊನೆಗೆ ನಾನು. ಫೋನ್ ಬೇಡ, ನೆಟ್‌ವರ್ಕ್ ಬೇಡ. ಹದಿನಾಲ್ಕು ಜನ ಈ ಒಂದು ಮಾತು ಪಾಲಿಸಿದ್ದರೆ ನಮ್ಮ ಹುಡುಗ ಓಡಬೇಕಾಗಿಯೇ ಇರಲಿಲ್ಲ.

ಕಾತ್ರಜ್ ಸುರಂಗ ದಾಟಿ, ಶಿರವಳದಲ್ಲಿ ಚಹಾ ಕುಡಿದು, ಖಂಬಾಟಕಿ ಘಾಟ್ ಹತ್ತಿ ಇಳಿದೆವು. ಸುರೂರಿನಲ್ಲಿ ಹೆದ್ದಾರಿ ಬಿಟ್ಟು ವಾಯಿ ರಸ್ತೆಗೆ ತಿರುಗಿದೆವು. ಜನವರಿ ಅಂದರೆ ಸಾತಾರಾ ಸೀಮೆಯಲ್ಲಿ ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರೊಂದು ರಸ್ತೆ ತುಂಬ ಹೊರಟಿತ್ತು. ಎದುರು ಯಾರೂ ಇಲ್ಲದ್ದು ನೋಡಿ ನಾನು ದಾಟಿದೆ, ಹುಡುಗ ದಾಟಿದ. ಟೀಚರು ಕಾಣಲಿಲ್ಲ. ನಿಧಾನಿಸಿದೆವು. ಕಾಣಲಿಲ್ಲ. ಒಂದು ಧಾಬಾದ ಮುಂದೆ ನಿಂತೆವು. ನಾಲ್ಕೈದು ನಿಮಿಷದ ನಂತರ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಟೀಚರು, ಅವರ ಹಿಂದೆ ಇಬ್ಬರೂ ಹಳಬರು, ಸಾವಕಾಶವಾಗಿ.

ಟೀಚರು ಹೆಲ್ಮೆಟ್ ತೆಗೆದು, "ಸಾರಿ ಅಣ್ಣಾ, ನನಗ ಧೈರ್ಯ ಆಗಲಿಲ್ಲ, ನಿಮ್ಮನ್ನ ನಿಲ್ಲಿಸಿದೆ" ಅಂದರು. "ಅಕ್ಕಾರ, ಇವತ್ತು ನಮ್ಮೊಳಗ ಎಲ್ಲಾರಕಿಂತ ಛಲೋ ಗಾಡಿ ಹೊಡದವರು ನೀವ" ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಹುಡುಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದ, ಏನೂ ಅನ್ನಲಿಲ್ಲ.

ವಾಯಿಯಲ್ಲಿ ಢೋಲ್ಯಾ ಗಣಪತಿಯ ದರ್ಶನ ಮಾಡಿ ಕೃಷ್ಣೆಯ ಮೆಟ್ಟಿಲ ಮೇಲೆ ಕೂತೆವು. ಮಹಾಬಳೇಶ್ವರದಿಂದ ಇಳಿದು ಬರುವ ಈ ನೀರೇ ಮುಂದೆ ಸಾಂಗಲಿ ದಾಟಿ ನಮ್ಮ ಬೆಳಗಾವಿ ಜಿಲ್ಲೆಗೆ ಹೋಗಿ ಆಲಮಟ್ಟಿ ಸೇರುವುದು. ಅಲ್ಲಿ ಹುಡುಗ ಬಾಯಿ ಬಿಟ್ಟ. "ಕಾಕಾ, ಅವತ್ತು ನನಗ ಗೊತ್ತಿತ್ತು ಜೋರ್ ಹೊಂಟೇನಿ ಅಂತ. ಆದ್ರ ತಡಾ ಮಾಡಿದ್ರ ಎಲ್ಲಾರೂ ನಗತಾರ ಅನಿಸ್ತು."

ಐದು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಮಳೆ, ಕೆಸರು, ಟೈರು ಎಲ್ಲದರ ಮೇಲೂ ತಪ್ಪು ಹಾಕಿದ್ದ. ಊರು ಬಿಟ್ಟು ಬಂದವನಿಗೆ ಈ ಭಯ ಸ್ವಲ್ಪ ಹೆಚ್ಚೇ ಇರುತ್ತದೆ. ಭಾಷೆ ಅರ್ಧ ಬರುತ್ತದೆ, ಗೆಳೆಯರು ಹೊಸಬರು, ಭಾನುವಾರ ಒಬ್ಬನೇ ಕೋಣೆಯಲ್ಲಿ ಕೂರುವುದು ಬೇಡವಾಗಿರುತ್ತದೆ. ಕರೆದವರ ಜೊತೆ ಹೋಗುತ್ತಾನೆ, "ಸ್ವಲ್ಪ ನಿಧಾನ ಹೋಗ್ರಿ" ಅನ್ನಲು ಮಾತ್ರ ಬಾಯಿ ಬರುವುದಿಲ್ಲ. ಅದಕ್ಕೇ ಹೊಸಬ ಕೇಳಲಿ ಎಂದು ಗುಂಪು ಕಾಯಬಾರದು. ಹೊರಡುವ ಮುನ್ನ ಹಳಬರೇ ಹೇಳಬೇಕು, ನಿನಗಾಗಿ ನಿಲ್ಲುತ್ತೇವೆ ಅಂತ. ಹೇಳದ ಗುಂಪಿನ ಜೊತೆ ಹೋಗಬೇಡಿ. ಎಷ್ಟು ಬೈಕು, ಕೊನೆಗೆ ಯಾರು ಇರುತ್ತಾರೆ ಅಂತ ಎರಡೇ ಪ್ರಶ್ನೆ ಕೇಳಿ. ಎರಡನೆಯದಕ್ಕೆ ನಕ್ಕರೆ ಮನೆಯಲ್ಲೇ ಮಲಗಿ.

ಬೇರೆ ಊರುಗಳ ಓದುಗರಿಗೆ ಎರಡು ಮಾತು. ಮೊದಲ ಸವಾರಿಗೆ ಘಾಟ್ ಬೇಡ, ಮಳೆಗಾಲ ಬೇಡ. ಹೋಗಿಬರುವುದು ಅರ್ಧ ದಿನದೊಳಗೆ ಮುಗಿಯಲಿ. ಚೆನ್ನೈನವರಿಗೆ ಮಾಮಲ್ಲಪುರದ ಕಡಲ ದಂಡೆಯ ರಸ್ತೆಯಿದೆ. ಮುಂಬೈಯವರು ನೆನಪಿಡಿ, ಪುಣೆ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಹಳೆಯ ಹೆದ್ದಾರಿಯೇ ಗತಿ. ಹೈದರಾಬಾದಿನ ಔಟರ್ ರಿಂಗ್ ರೋಡಿಗೂ ಬಿಡುವುದಿಲ್ಲ. ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದು, ಐಎಸ್‌ಐ ಗುರುತಿನದು, ಪಟ್ಟಿ ಬಿಗಿದದ್ದು ಇರಲಿ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸರ ಭಯದಿಂದ ಮುಂದೆ ಹೋಗಬೇಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ಆ ತೆನೆ ಸುಡುವ ತಾಯಿಗೆ ಈ ಕಾಯ್ದೆ ಗೊತ್ತಿತ್ತೋ ಇಲ್ಲವೋ, ಓಡಿ ಬಂದಳು.

ವಾಯಿಯಿಂದ ಪಂಚಗಣಿ ಹತ್ತಿರವೇ. "ಪಸರಣಿ ಘಾಟ್ ಹತ್ತೋಣೇನು ಕಾಕಾ?" ಅಂದ ಹುಡುಗ. ಬೇಡ ಅಂದೆ. ದಣಿದ ಕೈಗೆ ವಾಪಸು ದಾರಿ ಇನ್ನೂ ತೊಂಬತ್ತು ಕಿಲೋಮೀಟರ್ ಇತ್ತು. ಊಟ ಮಾಡಿ ಹೊರಟು ಕತ್ತಲಾಗುವ ಮುನ್ನ ಮನೆ ಸೇರಿದೆವು.

ರಾತ್ರಿ ವೈನಿಗೆ ನಾನೇ ಫೋನ್ ಮಾಡಿದೆ. ಮುಂದಿನ ದೀಪಾವಳಿಗೆ ಧಾರವಾಡಕ್ಕೆ ಗಾಡಿಯ ಮೇಲೇ ಬರಬೇಕೆಂದು ಹುಡುಗನ ಆಸೆ, ನಾನ್ನೂರು ಕಿಲೋಮೀಟರಿಗೂ ಹೆಚ್ಚು. ಅದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ವಾಯಿಗೆ ಹೋಗಿ ಬಂದದ್ದಷ್ಟೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅವನ ಹಿಂದ ಯಾರರ ಇದ್ರಿಲ್ಲೋ?"

"ಮೂರು ಮಂದಿ ಇದ್ರು ವೈನಿ" ಅಂದೆ.

"ಹಂಗಾರ ಬರೊಬ್ಬರಿ" ಅಂದು ಫೋನ್ ಇಟ್ಟರು.