ಕ್ಯಾಂಪಸ್‌ನಲ್ಲಿ ಕಟ್ಟಡ ಕೆಲಸ: ತಗಡಿನ ಬೇಲಿಯ ಈಚೆ ಇರುವವರಿಗೆ ಹೇಳೋರು ಯಾರು?

ಧಾರವಾಡ: ಐಐಟಿ ಧಾರವಾಡ ಇನ್ನಷ್ಟು ದೊಡ್ಡದಾಗಲಿದೆ. ಧಾರವಾಡವೂ ಸೇರಿ ಐದು ಐಐಟಿಗಳ ವಿಸ್ತರಣೆಗೆ 11,828.79 ಕೋಟಿ ರೂ. ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಮೇ 7ರಂದು ಒಪ್ಪಿಗೆ ಕೊಟ್ಟಿದೆ. 2028-29ರ ಹೊತ್ತಿಗೆ ಐದೂ ಕಡೆ ಸೇರಿ 6,500ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೆಚ್ಚಲಿದ್ದಾರೆ. ಜಿಲ್ಲೆಗೆ ಸಂತಸದ ಸುದ್ದಿಯೇ. ಆದರೆ ಚಿಕ್ಕಮಲ್ಲಿಗವಾಡದ ಕ್ಯಾಂಪಸ್ 2023ರ ಮಾರ್ಚ್ 12ರಂದೇ ಉದ್ಘಾಟನೆಯಾಗಿದೆ, ಹುಡುಗರು ಅಲ್ಲೇ ಇದ್ದು ಓದುತ್ತಿದ್ದಾರೆ. ಅಂದರೆ ಮುಂದಿನ ಕಟ್ಟಡಗಳು ಖಾಲಿ ಹೊಲದಲ್ಲಿ ಅಲ್ಲ, ಜನ ಓಡಾಡುವ ಜಾಗದ ಮಗ್ಗುಲಲ್ಲೇ ಏಳಬೇಕು.

ಹಳೆಯ ಕ್ಯಾಂಪಸ್‌ಗಳ ಮಾತೂ ಇದೇ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯದಂಥ ಜಾಗಗಳಿಗೆ ವಿದ್ಯಾರ್ಥಿಗಳು, ಸಿಬ್ಬಂದಿ ಮಾತ್ರ ಬರುವುದಿಲ್ಲ. ಬೆಳಿಗ್ಗೆ ವಾಕಿಂಗ್‌ಗೆ ಬರುವ ಹಿರಿಯರು, ಕ್ವಾರ್ಟರ್ಸ್ ಮಕ್ಕಳು, ಅಂಕಪಟ್ಟಿ ಕೆಲಸಕ್ಕೆ ದೂರದೂರಿಂದ ಬಂದು ದಾರಿ ಹುಡುಕುವವರು ಎಲ್ಲರೂ ಇರುತ್ತಾರೆ. ಹಾಸ್ಟೆಲ್ ಇರಲಿ, ಪೈಪ್‌ಲೈನ್ ಇರಲಿ, ಕೇಬಲ್ ಗುಂಡಿ ಇರಲಿ, ಕೆಲಸ ನಡೆಯುವುದು ಇವರೆಲ್ಲರ ನಡುವೆಯೇ.

ಮರೆಯಲಾಗದ ಪಾಠ

ಕಟ್ಟುವುದು, ಬಳಸುವುದು ಎರಡೂ ಒಟ್ಟಿಗೆ ನಡೆದರೆ ಏನಾಗಬಹುದು ಅನ್ನೋದನ್ನ ಈ ಊರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ನಡೆದಿದ್ದವು, ಮೇಲೆ ಕೆಲಸ ಇನ್ನೂ ಮುಗಿದಿರಲಿಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ಬೈಕ್‌ನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಆ ಕೆಲಸಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ, ಆ ದಾರಿಯಲ್ಲಿ ಹೊರಟಿದ್ದರು ಅಷ್ಟೇ.

ಕ್ಯಾಂಪಸ್‌ನಲ್ಲಿ ಓಡಾಡುವವರೂ ಇಂಥದೇ ದಾರಿಹೋಕರು. ಹೆಲ್ಮೆಟ್ ಇರುವುದಿಲ್ಲ, ತರಬೇತಿ ಇರುವುದಿಲ್ಲ, ಇವತ್ತು ಕ್ರೇನ್ ಯಾವ ಕಡೆ ತಿರುಗುತ್ತದೆ ಅನ್ನೋದೂ ಗೊತ್ತಿರುವುದಿಲ್ಲ.

ಮಾಹಿತಿ ಇರುತ್ತದೆ, ತಲುಪುವುದಿಲ್ಲ

ದೊಡ್ಡ ಕೆಲಸ ಶುರುವಾಗುವ ಕನಿಷ್ಠ 30 ದಿನ ಮೊದಲು ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಲಿಖಿತ ನೋಟಿಸ್ ಹೋಗಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಕೆಲಸ ಎಲ್ಲಿ, ಉಸ್ತುವಾರಿ ಯಾರು, ಸುಮಾರು ಎಷ್ಟು ದಿನ ಎಂಬುದೆಲ್ಲ ಅದರಲ್ಲಿ ಇರಬೇಕಿತ್ತು. ಆ ಕಾಯ್ದೆ ಈಗ 2020ರ ಹೊಸ ಸಂಹಿತೆಯೊಳಗೆ ಸೇರಿದೆ. ಗಮನಿಸಬೇಕಾದ ವಿಷಯ ಬೇರೆ: ಕೆಲಸದ ವಿವರ ತಿಂಗಳು ಮೊದಲೇ ಕಾಗದದಲ್ಲಿ ಸಿದ್ಧ ಇರುತ್ತದೆ. ಅದು ಇಲಾಖೆಯ ಟೇಬಲ್‌ಗೆ ಹೋಗುತ್ತದೆ. ಹಾಸ್ಟೆಲ್ ನೋಟಿಸ್ ಬೋರ್ಡ್‌ಗೂ ಹೋಗಲಿ ಅಂತ ಅಲ್ಲಿ ಎಲ್ಲೂ ಬರೆದಿರಲಿಲ್ಲ.

ಹಾಗಂತ ವಿಶ್ವವಿದ್ಯಾಲಯಕ್ಕೆ ಹೊಣೆ ಇಲ್ಲ ಎಂದಲ್ಲ. ಜನರ ಮೇಲೆ ಪರಿಣಾಮ ಬೀರುವ ನಿರ್ಧಾರ ಪ್ರಕಟಿಸುವಾಗ ಅದರ ಎಲ್ಲ ಸಂಗತಿಗಳನ್ನೂ ತಾನಾಗಿಯೇ ಬಹಿರಂಗಪಡಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ, ಐಐಟಿ ಎರಡೂ ಈ ಕಾಯ್ದೆಯ ಒಳಗೇ ಬರುತ್ತವೆ. ಬೇಲಿ ಹಾಕುವ ಕೆಲಸ ಗುತ್ತಿಗೆದಾರರಿಗೆ ಬಿಡಬಹುದು, ತಿಳಿಸುವ ಕೆಲಸ ಬಿಡಲು ಬರುವುದಿಲ್ಲ.

‘ಕೆಲಸ ನಡೆದಿದೆ, ಸಹಕರಿಸಿ’ ಎಂಬ ಬೋರ್ಡ್‌ನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೋಟಿಸ್‌ನಲ್ಲಿ ಐದು ವಿಷಯ ಇದ್ದರೆ ಸಾಕು: ಎಲ್ಲಿ ಕೆಲಸ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ದಾರಿ ಬಂದ್, ಬದಲಿ ದಾರಿ ಯಾವುದು, ತೊಂದರೆ ಕಂಡರೆ ಯಾರಿಗೆ ಫೋನ್ ಮಾಡಬೇಕು. ಕೆಲಸದ ದಿನ ಬದಲಾದರೆ ನೋಟಿಸ್ ಕೂಡ ಬದಲಾಗಬೇಕು. ಹೋದ ತಿಂಗಳ ತಾರೀಖಿನ ಕಾಗದ ಗೋಡೆಗೆ ಅಂಟಿಕೊಂಡೇ ಇದ್ದರೆ ಮುಂದಿನದನ್ನ ಯಾರೂ ಓದುವುದಿಲ್ಲ.

ಕಾಗದ ಓದಲಾಗದವರೂ ಇದ್ದಾರೆ. ದೃಷ್ಟಿದೋಷ ಇರುವ ವಿದ್ಯಾರ್ಥಿಗೆ ನಿತ್ಯದ ದಾರಿ ಲೆಕ್ಕವಿಟ್ಟ ಹೆಜ್ಜೆಗಳ ದಾರಿ. ರಾತ್ರೋರಾತ್ರಿ ಅಲ್ಲಿ ಗುಂಡಿ ಬಿದ್ದರೆ ಅವರಿಗೆ ಮುಂಚೆಯೇ ಬಾಯಿಮಾತಲ್ಲಿ ಹೇಳಬೇಕು. ಗಾಲಿ ಕುರ್ಚಿಯವರಿಗೆ ಜಲ್ಲಿ ಹರವಿದ ಬದಲಿ ದಾರಿ ದಾರಿಯೇ ಅಲ್ಲ. ಹೊರರಾಜ್ಯದಿಂದ ಬಂದ ಕಾರ್ಮಿಕರಿಗೆ ಕನ್ನಡ, ಇಂಗ್ಲಿಷ್ ಫಲಕ ಎರಡೂ ಒಂದೇ, ಅವರಿಗೆ ಚಿತ್ರದ ಗುರುತು ಬೇಕು.

ಮಳೆಗಾಲದ ಗುಂಡಿ

ಧಾರವಾಡದ ಮಳೆಯಲ್ಲಿ ಹೆಚ್ಚು ಹೆದರಬೇಕಾದದ್ದು ತೋಡಿಟ್ಟ ಗುಂಡಿಗೆ. ನೀರು ತುಂಬಿದ ಮೇಲೆ ಆಳ ಕಾಣುವುದಿಲ್ಲ, ನೆನೆದ ಮಣ್ಣು ಕುಸಿಯುತ್ತದೆ. 1.5 ಮೀಟರ್‌ಗಿಂತ ಆಳದ ಗುಂಡಿಯ ಪಕ್ಕಗಳಿಗೆ ಆಸರೆ ಕೊಡಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ತೆಗೆದ ಮಣ್ಣನ್ನು ಅಂಚಿಗೇ ರಾಶಿ ಹಾಕುವಂತಿಲ್ಲ. ಆಳುದ್ದದ ಗುಂಡಿಗೆ ಬರೀ ಕೆಂಪು-ಬಿಳಿ ಟೇಪ್ ಸುತ್ತಿದ್ದರೆ ಅದು ಬೇಲಿ ಅಲ್ಲ. ರಾತ್ರಿ ಕರೆಂಟ್ ಹೋದಾಗ ಆ ಟೇಪ್ ಕೂಡ ಕಾಣುವುದಿಲ್ಲ.

ವಿದ್ಯಾರ್ಥಿಗಳ ಕಡೆಯೂ ತಪ್ಪಿದೆ. ತಗಡು ಸರಿಸಿ ಸಂದಿ ಮಾಡಿಕೊಂಡು, ‘ಏನ್ ಆಗೂದಿಲ್ಲ ಬಾರಲೇ’ ಅಂತ ನುಗ್ಗುವುದು ಹೊಸದೇನಲ್ಲ. ಹಿಂದಕ್ಕೆ ಬರುವ ಟಿಪ್ಪರ್‌ನ ಚಾಲಕನಿಗೆ ಹಿಂಬದಿ ನಿಂತವರು ಕಾಣುವುದಿಲ್ಲ, ಇಯರ್‌ಫೋನ್ ಹಾಕಿಕೊಂಡವರಿಗೆ ಟಿಪ್ಪರ್ ಕೇಳುವುದಿಲ್ಲ. ಆದರೆ ಒಂದು ಮಾತು: ಬದಲಿ ದಾರಿ ಒಂದು ಕಿಲೋಮೀಟರ್ ಸುತ್ತಾದರೆ ಜನ ಬೇಲಿ ದಾಟಿಯೇ ದಾಟುತ್ತಾರೆ. ದಾರಿ ಗೊತ್ತುಮಾಡುವಾಗಲೇ ಆಡಳಿತ ಇದನ್ನ ಲೆಕ್ಕಕ್ಕೆ ಹಿಡಿಯಬೇಕು.

ಕೇಳುವುದು ಹೇಗೆ?

ಅಪಾಯ ಕಂಡರೆ ಮೊದಲು ಫೋಟೊ ತೆಗೆದು, ಜಾಗ, ಹೊತ್ತು ಬರೆದು ಕುಲಸಚಿವರ ಕಚೇರಿಗೂ ಎಂಜಿನಿಯರಿಂಗ್ ವಿಭಾಗಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದು ದೂರು ಅಲ್ಲ. ಅವಘಡ ನಡೆದರೆ 112, ಆಂಬುಲೆನ್ಸ್‌ಗೆ 108.

ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಒಂದೇ ವಿಷಯ, 150 ಪದಗಳ ಮಿತಿ. ಐಐಟಿಗೆ ಕೇಂದ್ರದ ನಿಯಮ, ಅಲ್ಲಿ 500 ಪದ. ಸಾಮಾನ್ಯವಾಗಿ ಉತ್ತರಕ್ಕೆ 30 ದಿನ. ಆದರೆ ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯೊಳಗೆ ಕೊಡಬೇಕು. ಕಾಗದ ಕೇಳುವುದಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಈ ಹಕ್ಕು ಬಳಸುವವರು ಬಹಳ ಕಡಿಮೆ.

ಕ್ಯಾಂಪಸ್ ಬೆಳೆಯಲಿ, ಹಾಸ್ಟೆಲ್ ಬೇಕು, ಲ್ಯಾಬ್ ಬೇಕು. ಇದಕ್ಕೆ ಯಾರ ತಕರಾರೂ ಇಲ್ಲ. ಟೆಂಡರ್‌ನಲ್ಲಿ ಸಿಮೆಂಟು, ಕಬ್ಬಿಣದ ಲೆಕ್ಕ ಬರೆಯುವಾಗ ಬದಲಿ ದಾರಿ, ರಾತ್ರಿ ದೀಪ, ವಾರಕ್ಕೊಮ್ಮೆ ಬದಲಾಗುವ ನೋಟಿಸ್ ಇವುಗಳ ಖರ್ಚನ್ನೂ ಬರೆಯಲಿ. ಮುಂದಿನ ಮಳೆಗಾಲಕ್ಕೆ ಮುಂಚೆ ಜಿಲ್ಲೆಯ ಎಲ್ಲ ಕ್ಯಾಂಪಸ್‌ಗಳಲ್ಲಿ ಇಷ್ಟಾದರೂ ಆಗಬೇಕು.